ಅಳಲೆಕಾಯಿಯ ದೇಶಾಂತರ

ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಕಾಡಂಚಿನಲ್ಲಿ ಅಳಲೆ, ತಾರೆ, ನೆಲ್ಲಿಗಳನ್ನು ಅರಿಯದ ಹಿರಿಯರು ವಿರಳ. ಈ ಮೂರು ಕಾಯಿಗಳನ್ನು ಬೀಜ ತೆಗೆದು, ಒಣಗಿಸಿ ಕುಟ್ಟಿದರೆ ತ್ರಿಫಲಾ ಚೂರ್ಣ. ರಾತ್ರಿ ಬಿಸಿನೀರಿನಲ್ಲಿ ಕುಡಿದರೆ ಮಲಬದ್ಧತೆ ಸಡಿಲುವುದೆಂಬುದು ಕೃಷ್ಣರಾಜನಗರದ ಗದ್ದೆಬಯಲಿನ ಮನೆಗಳಿಗೂ ಗೊತ್ತು. ಇಂಥ ಮನೆಮದ್ದಿಗೆ ಚರಿತ್ರೆಯೆಲ್ಲಿಯದು ಎನ್ನಬಹುದು. ಉಂಟು, ಅದು ಚೀನಾದವರೆಗೆ ಹಬ್ಬಿದ ಚರಿತ್ರೆ.

1890ರಲ್ಲಿ ಬೋವರ್ ಎಂಬ ಆಂಗ್ಲ ಸೇನಾಧಿಕಾರಿಗೆ ಮಧ್ಯ ಏಷ್ಯದ ಕುಚಾದಲ್ಲಿ ಭೂರ್ಜಪತ್ರದ ಪ್ರಾಚೀನ ಸಂಸ್ಕೃತ ಹಸ್ತಪ್ರತಿಯೊಂದು ದೊರೆಯಿತು. ಅದರಲ್ಲಿ ಅಳಲೆಗೆಂದೇ ಒಂದು ಅಧ್ಯಾಯವಿದೆ. 7ನೆಯ ಶತಮಾನದಲ್ಲಿ ನಾಲಂದೆಯಲ್ಲಿ ವ್ಯಾಸಂಗ ಮಾಡಿದ ಚೀನೀ ಭಿಕ್ಷು ಇತ್ಸಿಂಗ್, ಅಳಲೆಸಿಪ್ಪೆ, ಒಣಶುಂಠಿ, ಸಕ್ಕರೆಗಳನ್ನು ಸಮಭಾಗ ಸೇರಿಸಿದ ಗುಳಿಗೆಯನ್ನು ಅಜೀರ್ಣಕ್ಕೆ ಮದ್ದೆಂದು ಹೊಗಳಿದ. ಚೀನೀಯರು ಕಾಯಿಯೊಡನೆ ಪರದೇಶದ ಹೆಸರನ್ನೂ ಸ್ವೀಕರಿಸಿ, ತಮ್ಮ ಬಾಯಿಗೆ ಒಗ್ಗಿಸಿ 'ಹೆಲಿಲೆ' ಎಂದರು.

ನನ್ನನ್ನು ಬಹುಕಾಲ ಕಾಡಿದ ಸಂಗತಿ ಬೇರೆ. ನಮ್ಮಲ್ಲಿ ಮಲವನ್ನು ಸಡಿಲಿಸುವ ಈ ಕಾಯಿ ಚೀನೀ ವೈದ್ಯದಲ್ಲಿ ಮುಖ್ಯವಾಗಿ ಭೇದಿಯನ್ನು ಕಟ್ಟುವ ಮದ್ದು. ಝಾಂಗ್ ಝೋಂಗ್‌ಜಿಂಗ್‌ನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥವು ಹತ್ತು ಕಾಯಿಗಳನ್ನು ಸುಟ್ಟು, ಪುಡಿಮಾಡಿ, ಗಂಜಿಯಲ್ಲಿ ಕುಡಿಸಲು ಹೇಳುತ್ತದೆ. ಒಂದೇ ಕಾಯಿಗೆ ಎರಡು ಸ್ವಭಾವವೇ? 16ನೆಯ ಶತಮಾನದ ಭಾವಮಿಶ್ರನಲ್ಲಿ ಇದಕ್ಕೆ ಸುಳಿವಿದೆ. ಅಗಿದು ತಿಂದರೆ ಜಠರಾಗ್ನಿ ಹೆಚ್ಚುವುದು, ಅರೆದು ಸೇವಿಸಿದರೆ ಮಲಶುದ್ಧಿ, ಬೇಯಿಸಿದರೆ ಮಲಬಂಧ, ಹುರಿದರೆ ತ್ರಿದೋಷಶಮನ ಎಂಬುದು ಅವನ ಮತ. ಚರ್ಮವನ್ನು ಹದಗೊಳಿಸುವ ಅಳಲೆಯ ಒಗರೇ ಕರುಳನ್ನೂ ಬಿಗಿಯಬಲ್ಲದು. ಗುಣವೆಂಬುದು ಕಾಯಿಯಲ್ಲಿರುವಷ್ಟೇ ಅದನ್ನು ಹದಮಾಡುವ ಕೈಯಲ್ಲಿಯೂ ಇದೆ.

1960ರ ಕೊನೆಯಿಂದ ಬೈಲಕುಪ್ಪೆಗೆ, ಮುಂದೆ 1970ರ ದಶಕದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರಕ್ಕೆ ಟಿಬೆಟ್ಟಿನ ನಿರಾಶ್ರಿತರು ಬಂದರು. ಅವರ ಭೈಷಜ್ಯಗುರು ಬುದ್ಧನ ಬಲಗೈಯಲ್ಲಿರುವುದು ಇದೇ ಅಳಲೆ; ಅವರ ನುಡಿಯಲ್ಲಿ 'ಅರುರ'. ಎಂದೋ ಹಿಮಾಲಯವನ್ನು ದಾಟಿಹೋದ ಕಾಯಿ, ದೇಶಭ್ರಷ್ಟರ ಕೈಹಿಡಿದು ತನ್ನ ಕಾಡಿನ ಸೀಮೆಗೆ ಮರಳಿದಂತಾಯಿತು.

ಗಿಡಮೂಲಿಕೆಗಳ ಹೆಸರು, ರೂಪಗಳನ್ನು ಬಲ್ಲವರು ಆಡು ಕಾಯುವವರು, ಗೋವಳರು, ವನವಾಸಿಗಳು ಎಂದು ಚರಕಸಂಹಿತೆಯೇ ಒಪ್ಪುತ್ತದೆ. ನಮ್ಮ ಸೀಮೆಯಲ್ಲಿ ಆ ಬಲ್ಲವರು ಜೇನುಕುರುಬರು, ಕಾಡುಕುರುಬರು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಅವರಲ್ಲಿ ಅನೇಕರು ಕಾಡಿನಿಂದ ಹೊರಬೀಳಬೇಕಾಯಿತು. ಕಿರು ಅರಣ್ಯ ಉತ್ಪನ್ನಗಳ ಮೇಲಿನ ಅವರ ಹಕ್ಕನ್ನು 2006ರ ಕಾಯಿದೆ ಮನ್ನಿಸಿತು. ಆದರೆ ಹಕ್ಕು ಕಾಗದದಲ್ಲಿ ಉಳಿದು, ಮರದ ಗುರುತು ಅವರ ಮಕ್ಕಳಿಗೆ ತಪ್ಪಿದರೆ, ಕುಚಾದ ಮರಳು ಕಾಪಾಡಿಕೊಟ್ಟ ವಿದ್ಯೆಯನ್ನು ನಾವು ಕಾಕನಕೋಟೆಯ ನೆರಳಿನಲ್ಲಿ ಕಳೆದುಕೊಂಡಂತಾಗುತ್ತದೆ.