ಮಗುವಿನ ವಯಸ್ಸೆಷ್ಟು?

ಎಷ್ಟು ವರ್ಷದವರೆಗೆ ಮಗು ಮಗುವಾಗಿರುತ್ತದೆ? ಮನೆಯಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಮಗನ ತಲೆ ನೆರೆತರೂ ತಾಯಿಗೆ ಅವನು ಮಗುವೆ. ನ್ಯಾಯಸ್ಥಾನದಲ್ಲಿ ಮಾತ್ರ ಇದಕ್ಕೆ ಉತ್ತರ ಬೇಕಾಗುತ್ತದೆ. ನಾರದಸ್ಮೃತಿಯು ಎಂಟು ವರ್ಷದವರೆಗಿನ ಶಿಶುವನ್ನು ಗರ್ಭದಲ್ಲಿರುವ ಜೀವಕ್ಕೆ ಸಮಾನವೆಂದು ಎಣಿಸಿತು. ಹದಿನಾರರವರೆಗೆ ಬಾಲ, ಆಮೇಲೆಯೇ ವ್ಯವಹಾರ ಬಲ್ಲವನು ಎಂದಿತು. ಎಣಿಕೆ ಹಳೆಯದೇ. ಆದರೆ ಮಗುವಿನ ರಕ್ಷಣೆಗೆಂದು ದೇಶಕ್ಕೆಲ್ಲ ಅನ್ವಯಿಸುವ ಶಾಸನಗಳು ಹುಟ್ಟಿದ್ದು ಸುಮಾರು ನೂರೈವತ್ತು ವರ್ಷಗಳಿಂದ ಈಚೆಗೆ. ಆ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇಂತಿಷ್ಟು ವಯಸ್ಸು ಎಂದು ಶಾಸನದಲ್ಲಿ ಬರೆಯುವುದು ಸುಲಭ. ಎದುರಿಗೆ ನಿಂತ ಮಗುವಿನ ವಯಸ್ಸನ್ನು ನಿಶ್ಚಯಿಸುವುದು ಕಷ್ಟ.

1881ರ ಕಾರ್ಖಾನೆ ಕಾಯಿದೆ ಏಳು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದಿತು. ಏಳರಿಂದ ಹನ್ನೆರಡರವರೆಗಿನವರಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿಯನ್ನು ಹಾಕಿತು. ಆ ಎಳೆಯ ಕೈಗಳಿಗೆ ಒಂಬತ್ತು ಗಂಟೆಯೇ ದೊಡ್ಡ ದಯೆ ಎನಿಸಿದ ಕಾಲ ಅದು! 1891ರಲ್ಲಿ ಕನಿಷ್ಠ ವಯಸ್ಸು ಒಂಬತ್ತಾಯಿತು, 1922ರಲ್ಲಿ ಹನ್ನೆರಡು, 1948ರಲ್ಲಿ ಹದಿನಾಲ್ಕು. ಸಂವಿಧಾನದ 24ನೆಯ ವಿಧಿಯೂ ಕಾರ್ಖಾನೆ, ಗಣಿ ಮತ್ತು ಅಪಾಯದ ಕೆಲಸಗಳಿಗೆ ಹದಿನಾಲ್ಕನ್ನೇ ಗಡಿಯಾಗಿ ಹಿಡಿಯಿತು. ಆದರೆ ಹುಟ್ಟಿದ ತಾರೀಖೇ ಬರೆದಿಲ್ಲದ ಹುಡುಗನಿಗೆ ಎಂಟೋ ಹತ್ತೋ ಎಂದು ಹೇಳುವವರಾರು? ವೈದ್ಯರು ನೋಡಿ ಊಹಿಸಬೇಕು, ಇಲ್ಲವೆ ಕೂಲಿ ಬೇಕಾದ ತಂದೆಯ ಮಾತನ್ನು ನಂಬಬೇಕು.

ಈ ಅಂದಾಜಿನ ಬೆಲೆ ಏನೆಂಬುದನ್ನು ಕಲಕತ್ತೆಯ ಒಂದು ಮೊಕದ್ದಮೆ ದೇಶಕ್ಕೆಲ್ಲ ತೋರಿಸಿತು. 1860ರ ದಂಡಸಂಹಿತೆ ಹತ್ತು ವರ್ಷದೊಳಗಿನ ಹೆಂಡತಿಗೆ ಮಾತ್ರ ಗಂಡನಿಂದ ರಕ್ಷಣೆ ಕೊಟ್ಟಿತ್ತು. 1890ರಲ್ಲಿ ಫೂಲ್‌ಮೊನಿ ಎಂಬ ಹುಡುಗಿ ತನಗಿಂತ ಬಹಳ ಹಿರಿಯನಾದ ಗಂಡನ ಬಲಾತ್ಕಾರದಿಂದ ಸತ್ತಳು. ಆಕೆಗೆ ಹತ್ತು ತುಂಬಿತ್ತೆಂದು ಕಂಡುಬಂದುದರಿಂದ ಅತ್ಯಾಚಾರದ ಕಲಮು ಅನ್ವಯಿಸಲಿಲ್ಲ. ಗಂಡನಿಗಾದದ್ದು ಒಂದು ವರ್ಷದ ಶಿಕ್ಷೆ. ಮರುವರ್ಷ ಬಹಳ ವಾದವಿವಾದಗಳ ನಡುವೆ ಆ ಗಡಿ ಹನ್ನೆರಡಕ್ಕೆ ಏರಿತು.

ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು; ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯ ಕೈಹಿಡಿಯಕೂಡದೆಂದೂ ವಿಧಿಸಿತು. ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸಿದ್ದು ಹರಬಿಲಾಸ ಶಾರದಾ ಅವರ ಹೆಸರಿನಿಂದ ಪ್ರಸಿದ್ಧವಾದ 1929ರ ಕಾಯಿದೆ. ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದು ಅದು ಗೊತ್ತುಮಾಡಿತು. ಅದು ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ನಡುವಿನ ಆರು ತಿಂಗಳಲ್ಲಿ ಎಳೆಯ ಮಕ್ಕಳ ಮದುವೆಗಳನ್ನು ಜನ ಅವಸರ ಅವಸರವಾಗಿ ಮುಗಿಸಿಕೊಂಡರು. ವಯಸ್ಸು 1949ರಲ್ಲಿ ಹುಡುಗಿಗೆ ಹದಿನೈದಾಗಿ, 1978ರಲ್ಲಿ ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ಎಂದಾಯಿತು. ಕರ್ನಾಟಕವಂತೂ 2016ರ ತಿದ್ದುಪಡಿ ಕಾಯಿದೆಯಿಂದ ಬಾಲ್ಯವಿವಾಹವೇ ಅಸಿಂಧುವೆಂದು ಸಾರಿದೆ.

ಇಷ್ಟೆಲ್ಲ ಅಂಕೆಗಳು ನಿಂತಿರುವುದು ಜನನದ ದಾಖಲೆಯ ಮೇಲೆ. ನಮ್ಮ ಹಿರಿಯರು ಜಾತಕದಲ್ಲಿ ಘಳಿಗೆ ವಿಘಳಿಗೆಗಳನ್ನು ಬಿಡದೆ ಬರೆಸಿದರು, ಅದೂ ಬರೆಸುವ ಶಕ್ತಿಯುಳ್ಳ ಮನೆಗಳಲ್ಲಿ. ಸರ್ಕಾರದ ಪುಸ್ತಕದಲ್ಲಿ ಬರೆಸಲು 1886ರ ಕಾಯಿದೆ ಅವಕಾಶ ಕೊಟ್ಟಿತಾದರೂ ಕಡ್ಡಾಯ ಮಾಡಲಿಲ್ಲ. ಕೆಲವು ಕಡೆ ಸ್ಥಳೀಯ ನಿಯಮಗಳಿದ್ದವು. ದೇಶಕ್ಕೆಲ್ಲ ಒಂದೇ ಕಡ್ಡಾಯ ನಿಯಮ ಬಂದದ್ದು 1969ರ ಕಾಯಿದೆಯಿಂದ. ಮದುವೆಗೆ ವಯಸ್ಸು ಗೊತ್ತುಮಾಡಿದ ನಲವತ್ತು ವರ್ಷಗಳ ಮೇಲೆ ಆ ವಯಸ್ಸನ್ನು ತಿಳಿಯುವ ಏರ್ಪಾಡು!

ಅಲ್ಲಿಯವರೆಗೂ, ಆಮೇಲೆಯೂ ಬಹಳ ಕಾಲ, ಈ ಕೆಲಸ ಶಾಲೆಯ ಪಾಲಿಗೆ ಬಂದಿತ್ತು. ನಮ್ಮಲ್ಲಿ ಅಷ್ಟೊಂದು ಮಂದಿ ಜೂನ್ 1ರಂದೇ ಹುಟ್ಟಿದ್ದಾರಲ್ಲ, ಏಕೆ? ಶಾಲೆ ತೆರೆಯುವ ಕಾಲಕ್ಕೆ ಸರಿಹೊಂದುವಂತೆ ಮೇಷ್ಟರು ಬರೆದುಕೊಂಡ ತಾರೀಖು ಅದು. ಇದನ್ನು ಹೇಳಿ ನಗುವುದುಂಟು. ಆದರೆ 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ಆರೋಪ ಹೊತ್ತು ಬಂದವನು ಬಾಲಕನೋ ಅಲ್ಲವೋ ಎಂಬುದಕ್ಕೆ ಮೊದಲು ನೋಡುವುದು ಶಾಲೆಯ ದಾಖಲೆ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ. ಅದಿಲ್ಲದಿದ್ದರೆ ಪುರಸಭೆ ಪಂಚಾಯತಿಗಳ ಜನನ ಪತ್ರ. ಎರಡೂ ಇಲ್ಲದಿದ್ದರೆ ಮೂಳೆಯ ಪರೀಕ್ಷೆ. ಮೇಷ್ಟರ ಒಂದು ಸಾಲು ಒಬ್ಬ ಹುಡುಗನನ್ನು ಸೆರೆಮನೆಯಿಂದ ಉಳಿಸಬಲ್ಲದು.

ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ, ಹುಟ್ಟಿದ ಕೂಡಲೆ ನೋಂದಾಯಿಸಲ್ಪಡುವುದನ್ನೂ ಒಂದು ಹೆಸರನ್ನು ಪಡೆಯುವುದನ್ನೂ ಮಗುವಿನ ಹಕ್ಕುಗಳಲ್ಲಿ ಎಣಿಸಿದೆ. 2007ರಲ್ಲಿ ಮಕ್ಕಳ ಹಕ್ಕುಗಳ ರಕ್ಷಣೆಯ ರಾಷ್ಟ್ರೀಯ ಆಯೋಗವೂ ಸ್ಥಾಪನೆಯಾಯಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆ, ವಯಸ್ಸಿನ ಪತ್ರವಿಲ್ಲವೆಂದು ಯಾವ ಮಗುವನ್ನೂ ಶಾಲೆಯ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಬಾರದೆಂದಿದೆ. ಅದು ಸಾಧುವಾದ ಮಾತು. ಪತ್ರವಿಲ್ಲದಿರುವುದು ಮಗುವಿನ ಅಪರಾಧವಲ್ಲ.

ವಾಚಕರು ತಮ್ಮ ಮಕ್ಕಳ ಜನನ ಪತ್ರಗಳನ್ನು ಜೋಪಾನವಾಗಿ ಇಟ್ಟಿರುತ್ತೀರಿ, ಸಂತೋಷ. ಮನೆಗೆ ಪಾತ್ರೆ ತೊಳೆಯಲು ಬರುವಾಕೆಯ ಮಗುವಿಗೆ, ಪಕ್ಕದ ಕಟ್ಟಡದಲ್ಲಿ ಗಾರೆ ಹೊರುವವರ ಕೂಸಿಗೆ ಅದು ಇದೆಯೆ ಎಂದು ಒಮ್ಮೆ ವಿಚಾರಿಸಿ. ಜನನವನ್ನು ತಿಳಿಸಲು ಇಪ್ಪತ್ತೊಂದು ದಿನಗಳ ಅವಧಿಯಿದೆ; ತಡವಾದರೂ ಬರೆಸುವ ದಾರಿಯಿದೆ. ಅರ್ಜಿ ಬರೆದುಕೊಡುವಷ್ಟು ಅಕ್ಷರ ಬಲ್ಲವರು ಇದನ್ನು ಮಾಡಿಕೊಟ್ಟರೆ, ದಿಲ್ಲಿಯಲ್ಲಿ ಆದ ಶಾಸನ ಆ ಮಗುವಿಗೂ ಆದಂತಾಗುತ್ತದೆ.