‘ಊಟ ಆಯ್ತಾ?’ ಅಂದವರಿಗೆ ಊಟದ ಲೆಕ್ಕ ಬೇಕಿಲ್ಲ! ಮಾತಿನ ಮುಜುಗರದ ಬಗ್ಗೆ ವಿಜ್ಞಾನ ಏನು ಹೇಳುತ್ತದೆ?

ದೊಡ್ಡಬಳ್ಳಾಪುರದಿಂದ ಮೆಜೆಸ್ಟಿಕ್‌ಗೆ ಹೊರಟ ಬಸ್ಸಿನಲ್ಲಿ ಪಕ್ಕದವರು ‘ಯಾವೂರು ನಿಮ್ದು?’ ಎನ್ನುತ್ತಾರೆ. ಊರು ಹೇಳಿದ್ದಾಯಿತು, ಮುಂದೇನು? ತಕ್ಷಣ ಮೊಬೈಲ್ ತೆಗೆಯುತ್ತೇವೆ. ‘ನನಗೆ ಮಾತಾಡೋಕೆ ಬರಲ್ಲ, ಅದು ಹುಟ್ಟುಗುಣ’ ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಇದು ಪೂರ್ತಿ ನಿಜವಲ್ಲ.

‘ಊಟ ಆಯ್ತಾ?’ ಎಂಬುದು ಮಾಹಿತಿ ಕೇಳುವ ಪ್ರಶ್ನೆಯೇ ಅಲ್ಲ. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲೇ ಇದನ್ನು ಗುರುತಿಸಿದ್ದರು: ಇಂಥ ಮಾತುಗಳ ಕೆಲಸ ಸುದ್ದಿ ತಿಳಿಸುವುದಲ್ಲ, ನಂಟು ಉಳಿಸುವುದು. ‘ಆಯ್ತು, ನಿಮ್ದು?’ ಅಂದರೆ ಸಾಕು.

ಮಧ್ಯೆ ಮಾತು ನಿಂತಾಗ ಆಗುವ ಕಸಿವಿಸಿಗೂ ಕಾರಣವಿದೆ. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನದ ಪ್ರಕಾರ, ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು. ಹಾಗಾಗಿ ಎರಡು ಸೆಕೆಂಡಿನ ಮೌನವೂ ಯುಗದಂತೆ ಕಾಣುತ್ತದೆ. ‘ಏನಂದುಕೊಂಡರೋ’ ಎಂಬ ಚಿಂತೆ ಬೇರೆ. ಆದರೆ 2018ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಕಂಡದ್ದು ಬೇರೆಯೇ: ಹೊಸಬರೊಂದಿಗೆ ಮಾತಾಡಿದವರು, ಎದುರಿನವರಿಗೆ ತಾವು ಎಷ್ಟು ಇಷ್ಟವಾದೆವು ಎಂಬುದನ್ನು ಇರುವುದಕ್ಕಿಂತ ಕಡಿಮೆಯೇ ಅಂದಾಜಿಸಿದ್ದರು.

ಮಾತು ಮುಂದುವರಿಸಲು ಸುಲಭ ದಾರಿ, ಅವರ ಉತ್ತರದಿಂದಲೇ ಇನ್ನೊಂದು ಪ್ರಶ್ನೆ ಹುಟ್ಟಿಸುವುದು. ದೇವನಹಳ್ಳಿಯವರು ‘ನಮ್ದು ಚಕ್ಕೋತದ ತೋಟ ಇತ್ತು’ ಅಂದರೆ ‘ಹೌದಾ’ ಎಂದು ಸುಮ್ಮನಾಗಬೇಡಿ, ‘ಈಗಲೂ ಮರ ಉಳಿಸ್ಕೊಂಡಿದೀರಾ?’ ಎನ್ನಿ. ಹೀಗೆ ಕೇಳುವವರು ಹೆಚ್ಚು ಇಷ್ಟವಾಗುತ್ತಾರೆ ಎಂದು ಹಾರ್ವರ್ಡ್ ಸಂಶೋಧಕರು 2017ರಲ್ಲಿ ವರದಿ ಮಾಡಿದ್ದಾರೆ.

ಎಲ್ಲ ಪ್ರಶ್ನೆಗೂ ಉತ್ತರಿಸಲೇಬೇಕು ಎಂದೇನಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಕಡೆ ‘ಜಮೀನು ಎಷ್ಟಕ್ಕೆ ಕೊಟ್ರಿ?’ ಎಂಬುದೂ ಕುಶಲೋಪರಿಯೇ ಆಗಿಬಿಟ್ಟಿದೆ! ‘ಮದುವೆ ಯಾವಾಗ?’ ಅಂತೂ ಛತ್ರದ ಬಾಗಿಲಲ್ಲೇ ಕಾಯುತ್ತಿರುತ್ತದೆ. ‘ಅದೆಲ್ಲ ಅಪ್ಪನ್ನೇ ಕೇಳ್ಬೇಕು ಅತ್ತೆ, ನಿಮ್ಮ ಮಂಡಿನೋವು ಹೇಗಿದೆ?’ ಎಂದು ಮಾತು ತಿರುಗಿಸಿ. ಇದು ಅಗೌರವವಲ್ಲ. ಒಂಟಿಯಾಗಿ ಪ್ರಯಾಣಿಸುವ ಹೆಣ್ಣುಮಕ್ಕಳು ಅಪರಿಚಿತರಿಗೆ ಊರು, ಮನೆ ಹೇಳಬೇಕಾದ ಅಗತ್ಯವೂ ಇಲ್ಲ.

ಸಂಕೋಚ ಕಾಯಿಲೆಯಲ್ಲ. ಆದರೆ ಜನರ ಎದುರು ಹೋಗಬೇಕೆಂದರೆ ಎದೆ ಹೊಡೆದುಕೊಳ್ಳುವುದು, ತಿಂಗಳುಗಟ್ಟಲೆ ಮದುವೆ, ಕಾಲೇಜು, ಇಂಟರ್‌ವ್ಯೂ ತಪ್ಪಿಸಿಕೊಳ್ಳುವುದು ನಡೆಯುತ್ತಿದ್ದರೆ ಅದು ಸಾಮಾಜಿಕ ಆತಂಕದ ಸಮಸ್ಯೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.