ಹೋಗಿ ಬರ್ತೀನಿ

ನಮ್ಮಲ್ಲಿ ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನುವ ಹಾಗಿಲ್ಲ. ಬಾಯಿ ತಪ್ಪಿ ಅಂದರೂ ಅಜ್ಜಿ ಹೊಸ್ತಿಲಲ್ಲೇ ನಿಲ್ಲಿಸಿ, ‘ಹೋಗಿ ಬರ್ತೀನಿ ಅನ್ನು’ ಅಂತ ತಿದ್ದುತ್ತಿದ್ದಳು. ಮೂಲೆ ಅಂಗಡಿಗೆ ಹೋದರೂ ಸರಿ, ಅಮೆರಿಕಕ್ಕೆ ಹೋದರೂ ಸರಿ, ವಾಪಸ್ ಬರುವ ಮಾತನ್ನು ಹೊರಡುವಾಗಲೇ ಕೊಟ್ಟುಬಿಡಬೇಕು. ಆದರೆ ಬಂದ ಮೇಲೆ ಏನು ಹೇಳಬೇಕು ಅಂತ ಮಾತ್ರ ಯಾವ ಅಜ್ಜಿಯೂ ಹೇಳಿಕೊಟ್ಟಿಲ್ಲ.

ಇದು ಹೊಳೆದಿದ್ದು ಅಪ್ಪ-ಅಮ್ಮ ಅಕ್ಕನ ಬಾಣಂತನ ಮುಗಿಸಿಕೊಂಡು ಆರು ತಿಂಗಳ ನಂತರ ನ್ಯೂಜೆರ್ಸಿಯಿಂದ ವಾಪಸ್ ಬಂದಾಗ. ಅಷ್ಟರಲ್ಲಿ ನಾನು ಅಡುಗೆಮನೆಯನ್ನು ನನ್ನ ಅನುಕೂಲಕ್ಕೆ ಬದಲಾಯಿಸಿಕೊಂಡಿದ್ದೆ. ಬಂದ ಮರುದಿನ ಬೆಳಗ್ಗೆ ಅಮ್ಮ ಕಾಫಿ ಮಾಡೋಕೆ ನಿಂತು, ‘ಸಕ್ಕರೆ ಡಬ್ಬಿ ಎಲ್ಲಿಟ್ಟಿದ್ದೀಯಪ್ಪಾ?’ ಅಂತ ಕೇಳಿದಳು. ಮೂವತ್ತು ವರ್ಷ ಅವಳೇ ನಡೆಸಿದ ಅಡುಗೆಮನೆ. ಕೇಳಿದ್ದು ಮಾತ್ರ ನೆಂಟರು ಕೇಳುವ ಹಾಗಿತ್ತು.

ಆ ದಿನಗಳಲ್ಲೇ ನಾನು ಮಾರ್ಮನ್ ಮಿಷನರಿಗಳ ಇತಿಹಾಸ ಓದುತ್ತಿದ್ದೆ. ಬಿಳಿ ಶರ್ಟು, ಟೈ, ಎದೆ ಮೇಲೆ ಕಪ್ಪು ನೇಮ್ ಟ್ಯಾಗ್ ಹಾಕಿಕೊಂಡು ಇಬ್ಬಿಬ್ಬರಾಗಿ ಓಡಾಡುವ ಹುಡುಗರನ್ನು ಸಿನಿಮಾದಲ್ಲಾದರೂ ನೀವು ನೋಡಿರ್ತೀರಿ. ಅಮೆರಿಕದ ಯೂಟಾ ರಾಜ್ಯದಲ್ಲಿ ಕೇಂದ್ರವಿರುವ ಈ ಚರ್ಚಿನ ಪೂರ್ತಿ ಹೆಸರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಹುಡುಗರು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದವರು ಅದೇ ನೇಮ್ ಟ್ಯಾಗ್ ಹಾಕಿಕೊಂಡ ಅಜ್ಜ-ಅಜ್ಜಿಯರು. ಅವರನ್ನು ‘ಸೀನಿಯರ್ ಕಪಲ್’ ಅಂತಾರೆ. ಕೆಲಸದಿಂದ ರಿಟೈರ್ ಆಗಿ, ಮಕ್ಕಳ ಜವಾಬ್ದಾರಿ ಮುಗಿದ ಮೇಲೆ, ಗಂಡ-ಹೆಂಡತಿ ಇಬ್ಬರೂ ಸ್ವಂತ ಖರ್ಚಿನಲ್ಲಿ ಆರು ತಿಂಗಳಿಂದ ಹಿಡಿದು 23 ತಿಂಗಳವರೆಗೆ ಮಿಷನ್ನಿಗೆ ಹೋಗ್ತಾರೆ. ಮನೆಮನೆ ಬಾಗಿಲು ತಟ್ಟೋದೇ ಅವರ ಕೆಲಸ ಅಂತೇನಿಲ್ಲ. ಮಿಷನ್ ಆಫೀಸಿನ ಲೆಕ್ಕಪತ್ರ, ದೇವಾಲಯದ ಸೇವೆ, ಹಳೇ ದಾಖಲೆಗಳ ಜೋಪಾನ, ಪರಿಹಾರ ಕೆಲಸ, ಮನೆ ಬಿಟ್ಟು ಬಂದ ಹುಡುಗ-ಹುಡುಗಿಯರನ್ನು ನೋಡಿಕೊಳ್ಳೋದು, ಇಂಥವು.

ಅವಧಿ ಮುಗಿಸಿ ಊರಿಗೆ ಬಂದ ಮೇಲೆ ಒಂದು ಚಿಕ್ಕ ಶಾಸ್ತ್ರವಿದೆ. ತಮ್ಮ ಊರಿನ ಚರ್ಚಿನ ಮುಖ್ಯಸ್ಥರ ಹತ್ತಿರ ಹೋಗಬೇಕು. ಅವರು ‘ನಿಮ್ಮನ್ನು ಬಿಡುಗಡೆ ಮಾಡಿದ್ದೇನೆ’ ಅನ್ನುವವರೆಗೂ ನೀವು ಮಿಷನರಿಯೇ. ಅಂದ ಮೇಲೆ ನೇಮ್ ಟ್ಯಾಗ್ ತೆಗೆಯಬೇಕು, ಅಲ್ಲಿಗೆ ಮತ್ತೆ ಬರೀ ಅಪ್ಪ-ಅಮ್ಮ, ಅಜ್ಜ-ಅಜ್ಜಿ. ಕೇಳೋಕೆ ಆಫೀಸಿನ ರಿಲೀವಿಂಗ್ ಲೆಟರ್ ಥರ ಇದೆ. ಆದರೆ ಇಬ್ಬರೂ ಜೊತೆಗೆ ಹೋಗೋದು, ಅವಧಿ ಮೊದಲೇ ಗೊತ್ತಿರೋದು, ಬಂದ ಮೇಲೆ ಒಬ್ಬರು ‘ಮುಗೀತು’ ಅಂತ ಹೇಳೋದು ಇವೆಲ್ಲ ಸುಮ್ಮನೆ ಬಂದದ್ದಲ್ಲ. ಇದರ ಹಿಂದೆ ಹೋದವರ, ಅದಕ್ಕಿಂತ ಹೆಚ್ಚಾಗಿ ಉಳಿದವರ ಒಂದು ಉದ್ದನೆಯ ಕಥೆಯಿದೆ.

1839ರ ಸೆಪ್ಟೆಂಬರ್‌ನಿಂದ ಶುರು ಮಾಡೋಣ. ಮಿಸೌರಿಯಿಂದ ಓಡಿಸಲ್ಪಟ್ಟ ಮಾರ್ಮನ್ನರು ಮಿಸಿಸಿಪ್ಪಿ ನದಿಯ ಎರಡೂ ದಡದಲ್ಲಿ ಹೇಗೋ ಬದುಕುತ್ತಿದ್ದರು. ಜೌಗು ನೆಲ, ಮನೆಮನೆಯಲ್ಲೂ ಮಲೇರಿಯಾ. ಆ ಹೊತ್ತಿನಲ್ಲೇ ಬ್ರಿಗಮ್ ಯಂಗ್ ಇಂಗ್ಲೆಂಡಿಗೆ ಮಿಷನ್ ಹೊರಟ. ಅವನಿಗೇ ಎದ್ದು ನಿಲ್ಲಲಾರದಷ್ಟು ಜ್ವರ. ಹೆಂಡತಿ ಮೇರಿ ಆನ್ ಹೆತ್ತು ಹತ್ತು ದಿನ ಆಗಿತ್ತು, ಅವಳಿಗೂ ಕಾಯಿಲೆ. ನಾಲ್ಕು ದಿನ ಬಿಟ್ಟು, ಸಂಗಾತಿ ಹೀಬರ್ ಕಿಂಬಲ್ ಮತ್ತು ಅವನು ಗಾಡಿ ಹತ್ತಿ ಹೊರಟರು. ಕಿಂಬಲ್‌ನ ಹೆಂಡತಿ ವೈಲೇಟ್ ಕೂಡ ಹಾಸಿಗೆ ಹಿಡಿದಿದ್ದಳು. ಹೀಗೆ ಅಳು ಮುಖ ಹಾಕಿಕೊಂಡು ಹೋಗೋದು ಸರಿಯಲ್ಲ ಅನ್ನಿಸಿ, ಇಬ್ಬರೂ ಗಾಡಿಯಲ್ಲೇ ಎದ್ದು ನಿಂತು, ಟೋಪಿ ಬೀಸಿ ಜೈಕಾರ ಹಾಕಿದರು. ಆ ಚರ್ಚಿನ ಇತಿಹಾಸದಲ್ಲಿ ಈ ದೃಶ್ಯ ತುಂಬಾ ಪ್ರಸಿದ್ಧ.

ಯಂಗ್ ವಾಪಸ್ ಬಂದಿದ್ದು 1841ರ ಜುಲೈ 1ಕ್ಕೆ. ಇದರ ಚಿತ್ರ ಅಷ್ಟು ಪ್ರಸಿದ್ಧವಲ್ಲ. ಅವನಿಲ್ಲದ ಸುಮಾರು ಎರಡು ವರ್ಷ ಮೇರಿ ಆನ್ ಮಕ್ಕಳನ್ನು ಕಟ್ಟಿಕೊಂಡು, ನದಿ ದಾಟಿ ನಾವೂ ಎಂಬ ಹೊಸ ಊರಿಗೆ ಬಂದು, ಪೂರ್ತಿಯಾಗದ ಮರದ ಗುಡಿಸಲಲ್ಲಿ ದಿನ ದೂಡಿದ್ದಳು. ಅವನು ಬಂದ ಎಂಟು ದಿನಕ್ಕೆ, ಜುಲೈ 9ರಂದು, ಚರ್ಚಿನ ಸ್ಥಾಪಕ ಜೋಸೆಫ್ ಸ್ಮಿತ್ ಅವನ ಮನೆಗೇ ಬಂದು ಒಂದು ದೈವಾದೇಶ ಹೇಳಿದ. ಅದು ಈಗಲೂ ಅವರ ಧರ್ಮಗ್ರಂಥದಲ್ಲಿದೆ. ಮೂರೇ ಮೂರು ವಾಕ್ಯಗಳ ಪುಟ್ಟ ಅಧ್ಯಾಯ. ಅದರ ಸಾರ ಇಷ್ಟು: ನಿನ್ನ ಸೇವೆ ಒಪ್ಪಿಗೆಯಾಗಿದೆ, ಇನ್ನು ಹಿಂದಿನ ಹಾಗೆ ಮನೆ ಬಿಟ್ಟು ಹೋಗಬೇಕಾಗಿಲ್ಲ, ಸಂಸಾರವನ್ನು ಚೆನ್ನಾಗಿ ನೋಡಿಕೋ. ಒಂದು ಧರ್ಮಗ್ರಂಥ ‘ಮನೆಗೆ ಹೋಗು’ ಅಂತ ಒಬ್ಬ ಮನುಷ್ಯನಿಗೆ ಹೇಳಿದ್ದನ್ನು ಓದಿ ನನಗೆ ಖುಷಿಯಾಯ್ತು. ಎಲ್ಲರಿಗೂ ಇಂಥ ಆದೇಶ ಸಿಗಲಿಲ್ಲ ಅನ್ನೋದು ಮುಂದಿನ ಕಥೆ.

ಅಡಿಸನ್ ಪ್ರಾಟ್ ಮೊದಲು ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ದುಡಿದವನು, ಪೆಸಿಫಿಕ್ ಸಾಗರ ಬಲ್ಲವನು. ಅದೇ ಕಾರಣಕ್ಕೆ 1843ರಲ್ಲಿ ಅವನನ್ನು ಪೆಸಿಫಿಕ್ ದ್ವೀಪಗಳಿಗೆ ಮಿಷನ್ ಕಳಿಸಿದರು. 1844ರಲ್ಲಿ ಟಹೀಟಿಯಿಂದ ಸುಮಾರು 640 ಕಿಲೋಮೀಟರ್ ದಕ್ಷಿಣದ ಟುಬುವಾಯ್ ಎಂಬ ದ್ವೀಪದಲ್ಲಿ ಇಳಿದ. ನಾವೂದಲ್ಲಿ ಹೆಂಡತಿ ಲೂಯಿಸಾ, ನಾಲ್ಕು ಹೆಣ್ಣುಮಕ್ಕಳು. ಯಾವಾಗ ಬರ್ತಾನೆ ಅಂತ ಯಾರಿಗೂ ಗೊತ್ತಿಲ್ಲ. ಅವಧಿ ಅನ್ನೋದೇ ಇರಲಿಲ್ಲ.

ಲೂಯಿಸಾ ಬಟ್ಟೆ ಹೊಲಿದಳು, ಪಾಠ ಹೇಳಿಕೊಟ್ಟಳು, ನಿಂತು ಮನೆ ಕಟ್ಟಿಸಿದಳು. 1846ರಲ್ಲಿ ಮಾರ್ಮನ್ನರನ್ನು ನಾವೂದಿಂದಲೂ ಓಡಿಸಿದರು. ಎಲ್ಲರೂ ಪಶ್ಚಿಮಕ್ಕೆ ಗಾಡಿ ಕಟ್ಟಿದರು. ಗಂಡನನ್ನು ಸಮುದ್ರದಾಚೆ ಕಳಿಸಿದವರು, ನೀನು ಹೇಗೆ ಹೊರಡ್ತೀಯಮ್ಮಾ ಅಂತ ಒಂದು ಮಾತು ಕೇಳೋಕೆ ಬರಲಿಲ್ಲವಲ್ಲ ಅಂತ ಅವಳಿಗೆ ಸಿಟ್ಟು ಬಂತು. ಅದಕ್ಕೆ ಸಿಕ್ಕ ಉತ್ತರ: ನೀನು ಜಾಣೆ, ಒಬ್ಬಳೇ ಹೊರಡ್ತೀಯ, ಬೇರೆಯವರಿಗೂ ಸಹಾಯ ಮಾಡ್ತೀಯ ಅಂತ ಅವರ ನಂಬಿಕೆ. ಆಫೀಸಿನಲ್ಲಿ ಚೆನ್ನಾಗಿ ಕೆಲಸ ಮಾಡುವವರಿಗೇ ಇನ್ನಷ್ಟು ಕೆಲಸ ಬೀಳುತ್ತಲ್ಲ, ಹಾಗೆ! ಅವಳು ಹೊರಟೇಬಿಟ್ಟಳು. ಒಂದು ಚಳಿಗಾಲವನ್ನು ನೆಲ ತೋಡಿದ ಗವಿಯಂಥ ಮನೆಯಲ್ಲಿ, ಕಾಯಿಲೆಯಲ್ಲಿ ಕಳೆದಳು. 1848ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ಸಮೇತ ಸಾಲ್ಟ್ ಲೇಕ್ ಕಣಿವೆ ತಲುಪಿದಳು.

ಅದೇ ತಿಂಗಳು, ಕ್ಯಾಲಿಫೋರ್ನಿಯಾ ಕಡೆಯಿಂದ ಬೆಟ್ಟ ದಾಟಿಕೊಂಡು ಅಡಿಸನ್ ಬಂದ. ಐದು ವರ್ಷಕ್ಕಿಂತ ಹೆಚ್ಚಾಗಿತ್ತು. ಅವನು ಬಿಟ್ಟು ಹೋದ ಮನೆ ಇರಲಿಲ್ಲ, ಊರೇ ಕೈಬಿಟ್ಟು ಹೋಗಿತ್ತು. ಬಿಟ್ಟು ಹೋದಾಗ ಪುಟ್ಟ ಹುಡುಗಿಯರಾಗಿದ್ದವರಲ್ಲಿ ದೊಡ್ಡವರು ಹೆಚ್ಚುಕಡಿಮೆ ಹೆಂಗಸರಾಗಿದ್ದರು. ತೀರಾ ಚಿಕ್ಕವಳಿಗೆ ಅಪ್ಪ ಅನ್ನೋದು ಒಂದು ಹೆಸರು ಮಾತ್ರ. ಸಂಸಾರ ನಡೆಸುವ ರೀತಿಯನ್ನು ಹೆಂಡತಿ ಅವನಿಲ್ಲದೆಯೇ ಕಲಿತುಬಿಟ್ಟಿದ್ದಳು. ಆ ಚಳಿಗಾಲ ಅವನು ಏನು ಮಾಡಿದ ಗೊತ್ತಾ? ಸಾಲ್ಟ್ ಲೇಕಿನಲ್ಲಿ ಟಹೀಟಿ ಭಾಷೆಯ ಕ್ಲಾಸ್ ತೆಗೆದ. ದೇಹ ಬಂದಿತ್ತು, ಮನಸ್ಸು ಇನ್ನೂ ದ್ವೀಪದಲ್ಲೇ ಇತ್ತು ಅಂತ ಕಾಣುತ್ತೆ. ಒಂದು ವರ್ಷ ಮುಗಿದಿತ್ತಷ್ಟೇ, 1849ರ ಅಕ್ಟೋಬರ್‌ನಲ್ಲಿ ಮತ್ತೆ ಅಲ್ಲಿಗೇ ಹೊರಟ. ಈಗ ಕಳಿಸಿದವನು ಚರ್ಚಿನ ಅಧ್ಯಕ್ಷ. ಅಂದರೆ, ಹಿಂದೊಮ್ಮೆ ‘ಮನೆಗೆ ಹೋಗು’ ಅನ್ನಿಸಿಕೊಂಡಿದ್ದ ಅದೇ ಬ್ರಿಗಮ್ ಯಂಗ್.

ಈ ಸಲ ಮಾತ್ರ ಲೂಯಿಸಾ ಮನೆಯಲ್ಲಿ ಉಳಿಯಲಿಲ್ಲ. 1850ರ ಮೇ ತಿಂಗಳಲ್ಲಿ ನಾಲ್ಕೂ ಹೆಣ್ಣುಮಕ್ಕಳನ್ನು, ತಂಗಿ ಕ್ಯಾರೊಲಿನ್‌ಳ ಸಂಸಾರವನ್ನು ಜೊತೆ ಮಾಡಿಕೊಂಡು, ಮರುಭೂಮಿ ದಾಟಿ, ಹಡಗು ಹತ್ತಿ ಅಕ್ಟೋಬರ್‌ನಲ್ಲಿ ಟುಬುವಾಯ್ ತಲುಪಿದಳು. ನೋಡಿದರೆ ಗಂಡ ಅಲ್ಲಿರಲಿಲ್ಲ! ಫ್ರೆಂಚ್ ಅಧಿಕಾರಿಗಳು ಅವನನ್ನು ಟಹೀಟಿಯಲ್ಲೇ ತಡೆದು ಕೂರಿಸಿದ್ದರು. ಅವನು ಬಂದಿದ್ದು ಮುಂದಿನ ವರ್ಷ. ಅಷ್ಟರಲ್ಲಿ ಅವಳು ದ್ವೀಪದ ಹೆಂಗಸರಿಗೆ ಹೊಲಿಗೆ ಕಲಿಸುತ್ತಾ, ಪ್ರಾರ್ಥನೆಗೆ ಸೇರಿಸುತ್ತಾ ತನ್ನದೇ ಕೆಲಸ ಶುರು ಮಾಡಿದ್ದಳು. ಗಂಡ-ಹೆಂಡತಿ ಇಬ್ಬರೂ 1802ರಲ್ಲಿ ಹುಟ್ಟಿದವರು. ಅಂದರೆ ಆಗ ಐವತ್ತರ ಹತ್ತಿರ. ಸೀನಿಯರ್ ಕಪಲ್ ಅನ್ನುವ ಹೆಸರು ಹುಟ್ಟುವ ಎಷ್ಟೋ ಮೊದಲೇ ಇವರು ಒಂಥರಾ ಸೀನಿಯರ್ ಕಪಲ್.

1852ರಲ್ಲಿ ಫ್ರೆಂಚರ ನಿರ್ಬಂಧ ಹೆಚ್ಚಾಗಿ ಮಿಷನ್ ಮುಚ್ಚಿತು. ಪ್ರಾಟ್ ಸಂಸಾರ ಕ್ಯಾಲಿಫೋರ್ನಿಯಾಕ್ಕೆ ಬಂದು ಸ್ಯಾನ್ ಬರ್ನಾರ್ಡಿನೋದಲ್ಲಿ ನೆಲೆಸಿತು. ಕೊನೆಗೂ ಎಲ್ಲರೂ ಒಂದೇ ಸೂರಿನ ಕೆಳಗೆ. ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 1857ರ ಕೊನೆಯಲ್ಲಿ, ಅಮೆರಿಕದ ಸೈನ್ಯ ಯೂಟಾ ಕಡೆ ಬರುತ್ತಿದೆ ಅಂತ ಯಂಗ್ ದೂರದೂರದ ಮಾರ್ಮನ್ನರನ್ನೆಲ್ಲ ವಾಪಸ್ ಕರೆದ. ಲೂಯಿಸಾ ಹೊರಟಳು. ಅಡಿಸನ್ ಹೊರಡಲಿಲ್ಲ. ಅಲ್ಲಿಂದ ಮುಂದೆ ಇಬ್ಬರೂ ಬಹುಪಾಲು ಬೇರೆ ಬೇರೆಯಾಗಿಯೇ ಬದುಕಿದರು. ಅವನು 1872ರಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ತೀರಿಕೊಂಡ. ಅವಳು 1880ರಲ್ಲಿ ಯೂಟಾದ ಬೀವರ್ ಎಂಬ ಊರಿನಲ್ಲಿ.

ಯಾರ ತಪ್ಪು ಅಂತ ತೀರ್ಪು ಕೊಡೋಕೆ ನಾವ್ಯಾರು? ಇಬ್ಬರೂ ಬರೆದಿಟ್ಟ ದಿನಚರಿ, ನೆನಪುಗಳು ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ ಪುಸ್ತಕಗಳಾಗಿ ಬಂದಿವೆ. ಒಂದೇ ಮದುವೆ, ಎರಡು ಪುಸ್ತಕ. ನನಗೆ ಅನ್ನಿಸೋದು ಇಷ್ಟು: ಬೇರೆಯಾಗಿದ್ದ ಆ ಐದು ವರ್ಷದಲ್ಲಿ ಅವನಿಗೆ ದ್ವೀಪ ಮನೆಯಾಯ್ತು, ಅವಳಿಗೆ ತನ್ನ ಕಾಲೇ ಮನೆಯಾಯ್ತು. ಆಮೇಲೆ ಜೊತೆಗಿದ್ದರೂ ಇಬ್ಬರಿಗೂ ಒಂದೇ ಆದ ಮನೆಗೆ ಅವರು ವಾಪಸ್ ಬರಲೇ ಇಲ್ಲ.

ಭಾರತಕ್ಕೆ ಮಾರ್ಮನ್ನರು ಬಂದಿದ್ದೂ ಅದೇ ಹಳೇ ಪದ್ಧತಿಯಲ್ಲಿ. 1853ರ ಏಪ್ರಿಲ್‌ನಲ್ಲಿ ಕಲ್ಕತ್ತಾದಲ್ಲಿ ಇಳಿದ 13 ಜನರೂ ಗಂಡಸರೇ, ಅವರಲ್ಲಿ ನಾಲ್ವರು ಸಯಾಮಿಗೆ ಹೋಗಬೇಕಾದವರು. ಮನೆಯವರನ್ನು ಅಮೆರಿಕದಲ್ಲಿ ಬಿಟ್ಟು ಬಂದು, ಇಲ್ಲಿ ಹೆಚ್ಚೇನೂ ಫಲ ಕಾಣದೆ ಕೆಲವೇ ವರ್ಷಗಳಲ್ಲಿ ವಾಪಸ್ ಹೋದರು. 1898ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳನ್ನೂ ಅಧಿಕೃತವಾಗಿ ಮಿಷನ್ ಕಳಿಸೋಕೆ ಶುರು ಮಾಡಿದರು. 20ನೇ ಶತಮಾನದಲ್ಲಿ ಮಿಷನ್ ಅಂದರೆ ಹೆಚ್ಚಾಗಿ ಮದುವೆಗೆ ಮೊದಲಿನ ಎಳೆಯರ ಕೆಲಸ, ಇಲ್ಲವೇ ಸಂಸಾರದ ಭಾರ ಇಳಿಸಿದ ಹಿರಿಯರ ಕೆಲಸ ಅನ್ನುವಂತಾಯ್ತು. ಚಿಕ್ಕ ಮಕ್ಕಳ ಅಪ್ಪನನ್ನು ಒಬ್ಬನೇ ಕಳಿಸುವ ಕಾಲ ಮುಗಿಯಿತು. 2011ರಲ್ಲಿ ಸೀನಿಯರ್ ದಂಪತಿಗಳ ನಿಯಮ ಇನ್ನಷ್ಟು ಸಡಿಲವಾಯ್ತು. ಅವಧಿ ಆರಿಸಿಕೊಳ್ಳಬಹುದು, ಬಾಡಿಗೆಯಲ್ಲಿ ಅವರು ಕೊಡಬೇಕಾದ್ದಕ್ಕೆ ಆಗ ತಿಂಗಳಿಗೆ 1,400 ಡಾಲರ್‌ಗಳ ಮಿತಿ ಇಟ್ಟರು, ಮನೆಯಲ್ಲಿ ಮುಖ್ಯವಾದ ಸಂದರ್ಭ ಬಂದರೆ ಸ್ವಂತ ಖರ್ಚಿನಲ್ಲಿ ಕೆಲವು ದಿನ ಹೋಗಿ ಬರಬಹುದು. ನಮ್ಮ ಬೆಂಗಳೂರು 1993ರಿಂದ ಇವರ ಒಂದು ಮಿಷನ್ ಕೇಂದ್ರ. ಇಲ್ಲಿಗೂ ಇಂಥ ದಂಪತಿಗಳು ಬಂದು ಹೋಗ್ತಾರೆ.

ನಿಯಮ ಎಷ್ಟೇ ಒಳ್ಳೆಯದಾದರೂ ವಾಪಸ್ ಬರುವ ಕೆಲಸ ಮಾತ್ರ ಅವರವರೇ ಮಾಡಬೇಕು. ಹದಿನೆಂಟು ತಿಂಗಳು ಅಂದರೆ ಹುಟ್ಟಿದ ಮೊಮ್ಮಗು ಓಡಾಡುವಷ್ಟು ಕಾಲ. ಬೀಗ ಹಾಕಿದ್ದ ಮನೆಗೆ ಬೇರೆ ವಾಸನೆ ಬಂದಿರುತ್ತೆ. ಹಗಲೆಲ್ಲ ಯಾರಿಗೋ ಬೇಕಾಗಿದ್ದವರಿಗೆ ಬೆಳಗ್ಗೆ ಎದ್ದರೆ ಯಾರೂ ಕಾಯುತ್ತಿರೋದಿಲ್ಲ. ಮಕ್ಕಳು ಏರ್‌ಪೋರ್ಟಿಗೆ ಬ್ಯಾನರ್ ಹಿಡಿದು ಬರ್ತಾರೆ ನಿಜ. ಮುಂದಿನ ವಾರ ಅವರವರ ಕೆಲಸಕ್ಕೆ ಹೋಗ್ತಾರೆ. ಅವರೂ ಅಪ್ಪ-ಅಮ್ಮನಿಲ್ಲದೆ ಹಬ್ಬ ಮಾಡೋದು, ಜಗಳ ಬಗೆಹರಿಸಿಕೊಳ್ಳೋದು ಕಲಿತಿರ್ತಾರೆ. ಹೋಗುವಾಗ ಹಿರಿಯರು ಕಲಿಯಬೇಕಾಗಿದ್ದು ಹೊಸ ಊರನ್ನು. ಬಂದ ಮೇಲೆ ಕಲಿಯಬೇಕಾಗಿರೋದು ತಮ್ಮದೇ ಮನೆಯನ್ನು.

ನಮ್ಮ ಹಳೇ ಶಾಸ್ತ್ರಗಳಲ್ಲೂ ವಯಸ್ಸಾದ ದಂಪತಿ ಮನೆ ಬಿಡುವ ಮಾತಿದೆ. ಕೂದಲು ನರೆತು ಮೊಮ್ಮಗುವಿನ ಮುಖ ನೋಡಿದ ಮೇಲೆ, ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಿಯೋ ಜೊತೆಗೆ ಕರೆದುಕೊಂಡೋ ಕಾಡಿಗೆ ಹೋಗು ಅನ್ನುತ್ತೆ ಮನುಸ್ಮೃತಿ. ಆದರೆ ವಾನಪ್ರಸ್ಥದಲ್ಲಿ ವಾಪಸ್ ಟಿಕೆಟ್ ಇಲ್ಲ. ಆದ್ದರಿಂದ ವಾಪಸ್ ಬಂದವರನ್ನು ಹೇಗೆ ಒಳಗೆ ಕರೆದುಕೊಳ್ಳಬೇಕು ಅನ್ನೋ ಪ್ರಶ್ನೆಯೂ ಅಲ್ಲಿ ಬರಲಿಲ್ಲ. ಈಗ ನಮ್ಮೆಲ್ಲರ ಅಪ್ಪ-ಅಮ್ಮಂದಿರು ಆರು ತಿಂಗಳು ಟೆಕ್ಸಸ್, ಆರು ತಿಂಗಳು ಜಯನಗರ ಅಂತ ಓಡಾಡುವ ಕಾಲದಲ್ಲಿ ಆ ಪ್ರಶ್ನೆ ನಮ್ಮ ಮನೆ ಬಾಗಿಲಿಗೇ ಬಂದಿದೆ.

ಅವತ್ತು ನಾನು ಸಕ್ಕರೆ ಡಬ್ಬಿ ತೋರಿಸಿ ಲಾಗಿನ್ ಆಗೋಕೆ ಹೋದೆ. ಸಂಜೆ ಬಂದು ನೋಡಿದರೆ ಡಬ್ಬಿ ಅಲ್ಲೇ ಇತ್ತು. ಅಮ್ಮ ಅದನ್ನು ಮುಟ್ಟಿರಲಿಲ್ಲ. ಪ್ರಾಟ್ ದಂಪತಿಯ ಕಥೆ ಓದದಿದ್ದರೆ ನಾನದನ್ನು ಗಮನಿಸುತ್ತಲೂ ಇರಲಿಲ್ಲವೇನೋ. ಶನಿವಾರ ಇಬ್ಬರೂ ಸೇರಿ ಎಲ್ಲ ಡಬ್ಬಿಗಳನ್ನೂ ಕೆಳಗಿಳಿಸಿದೆವು. ಅರ್ಧ ಅವಳು ಹೇಳಿದ ಜಾಗಕ್ಕೆ ಹೋದವು, ಅರ್ಧ ನಾನಿಟ್ಟ ಜಾಗದಲ್ಲೇ ಉಳಿದವು. ಸಕ್ಕರೆ ಮಾತ್ರ ಮೊದಲಿನ ಜಾಗಕ್ಕೆ, ಒಲೆಯ ಎಡಗಡೆಗೆ ಬಂತು.